ಮುಂಗಾರಿನ ಎಳೆಹುಲ್ಲು ಮತ್ತು ಮನೆಯ ಎಳೆಗರುಗಳು

ರೋಹಿಣಿ ಮಳೆ ಹದವಾಗಿ ಬಿದ್ದು ಎಂಟು-ಹತ್ತು ದಿನ ಕಳೆಯಿತೆಂದರೆ ಸವಳಂಗದ ಸುತ್ತಣ ಬಯಲು, ಬದು, ಗುಡ್ಡದಂಚುಗಳೆಲ್ಲ ಹಸಿರಾಗತೊಡಗುತ್ತವೆ. ಮಾಘಮಾಸದಿಂದ ಒಣಹುಲ್ಲನ್ನೇ ಮೆದ್ದು ಬೇಸತ್ತ ಕರು, ಕಡಸು, ಹೋರಿಗಳು ಕೊಟ್ಟಿಗೆಯಲ್ಲಿ ನಿಲ್ಲಲಾರವು. ಹಗ್ಗ ಬಿಚ್ಚಿದೊಡನೆ ಬಾಲವೆತ್ತಿ ಓಡುವ ಅವುಗಳ ಸಂಭ್ರಮವನ್ನು ಕಂಡ ರೈತ ಬಂಧುಗಳು 'ಇನ್ನು ಹಿಂಡಿಯ ಖರ್ಚು ಉಳಿಯಿತು' ಎಂದು ನಿಟ್ಟುಸಿರಿಡುವುದೂ ಸಹಜವೇ. ಆದರೆ ವರ್ಷದಲ್ಲಿ ಎಳೆಯ ದನಗಳು ಹೆಚ್ಚಾಗಿ ಕಂಗೆಡುವುದು ಇದೇ ದಿನಗಳಲ್ಲಿ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ.

ಚಳಿಗಾಲವಿಡೀ ದನಗಳನ್ನು ಮನೆಯೊಳಗೇ ಕಟ್ಟಿ ಸಾಕುವ ಡೆನ್ಮಾರ್ಕ್, ಸ್ವೀಡನ್ ಮುಂತಾದ ದೇಶಗಳಲ್ಲಿ ವಸಂತದ ಹುಲ್ಲಿಗೆ ಅವುಗಳನ್ನು ಬಿಡುವ ದಿನ ಪಟ್ಟಣದ ಜನರೂ ಮಕ್ಕಳೊಡನೆ ಹೋಗಿ ನೋಡುವ ಹಬ್ಬವಾಗಿದೆ. ಅಲ್ಲಿಯ ವಸಂತವು ದನಗಳ ಪಾಲಿಗೆ ನಮ್ಮ ಮುಂಗಾರು. ಎಳೆಹುಲ್ಲು ಒಡ್ಡುವ ತೊಡಕೂ ಎರಡೂ ಕಡೆ ಒಂದೇ.

ಲೆಕ್ಕ ಸರಳವಾಗಿದೆ. ಸುಮಾರು 150 ಕಿಲೋ ತೂಗುವ ಕಡಸಿಗೆ ದಿನಕ್ಕೆ 4 ಕಿಲೋದಷ್ಟು ಒಣಾಂಶವುಳ್ಳ ಮೇವು ಬೇಕು. ಮೊದಲ ಮಳೆಯ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ. ಅಂದರೆ ಆ ಕಡಸು 20 ಕಿಲೋ ಹಸಿಹುಲ್ಲು ತಿಂದರಷ್ಟೇ ಹೊಟ್ಟೆ ತುಂಬೀತು. ಬೆರಳುದ್ದವೂ ಬೆಳೆಯದ ಹುಲ್ಲನ್ನು ದಿನವಿಡೀ ನೆಕ್ಕಿದರೂ ಅಷ್ಟು ದೊರೆಯದು. ಸಾಲದ್ದಕ್ಕೆ, ಒಣಹುಲ್ಲಿಗೆ ಒಗ್ಗಿದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹಸಿಮೇವಿಗೆ ಹೊಂದಿಕೊಳ್ಳಲು ಎರಡು-ಮೂರು ವಾರ ಹಿಡಿಯುತ್ತದೆ. ಒಮ್ಮೆಲೇ ಬಿಟ್ಟ ದನವು ನೀರಾಗಿ ಸಗಣಿ ಹಾಕಿ ಬಡವಾಗುತ್ತದೆ. ಕಣ್ಣಿಗೆ ಹಸಿರು ಕಂಡರೂ ಕರುವಿನ ಪಕ್ಕೆಲುಬು ಎಣಿಸುವಂತಾಗುವುದು ಹೀಗೆ.

ಆದ್ದರಿಂದ ಮೊದಲ ಹದಿನೈದು ದಿನ ಬೆಳಗ್ಗೆ ರಾಗಿಹುಲ್ಲನ್ನೋ ಭತ್ತದ ಹುಲ್ಲನ್ನೋ ಅರೆಹೊಟ್ಟೆ ತಿನ್ನಿಸಿಯೇ ಹೊರಗೆ ಅಟ್ಟುವುದು ಒಳ್ಳೆಯದು. ಮೊದಲ ದಿನ ಎರಡು ಗಂಟೆ ಸಾಕು, ಬರಬರುತ್ತ ಹೆಚ್ಚಿಸಬೇಕು. ಬಣವೆಯನ್ನು ಮಳೆಗೆ ಮುಂಚೆಯೇ ಪೂರ್ತಿ ಬರಿದು ಮಾಡದಿರುವುದು ಇದಕ್ಕಾಗಿಯೇ. ಸಂಜೆ ದನ ಮನೆಗೆ ಬಂದಮೇಲೆ ಒಂದು ಕಿಲೋದಷ್ಟು ಕೈತಿಂಡಿ ಕೊಡಬೇಕು. ಎಳೆಹುಲ್ಲಿನ ಒಣಾಂಶದಲ್ಲಿ ಪ್ರೋಟೀನು ಧಾರಾಳವಾಗಿರುವುದರಿಂದ ಈ ದಿನಗಳಲ್ಲಿ ದುಬಾರಿಯ ಶೇಂಗಾಹಿಂಡಿಗಿಂತ ಮೆಕ್ಕೆಜೋಳದ ನುಚ್ಚು, ತೌಡು, ಬೂಸಾ ಮೇಲು. ಜೊತೆಗೆ ಚಿಟಿಕೆ ಉಪ್ಪು ಮತ್ತು ಖನಿಜ ಮಿಶ್ರಣವಿರಲಿ. ಮೆಕ್ಕೆಜೋಳಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಕೊಂಡೇ ಹಾಕುವವರಿಗೆ ಹಾಲು ಮಹಾಮಂಡಲದ ನಂದಿನಿ ಪಶು ಆಹಾರವು ನೆರೆಯ ಶಿಕಾರಿಪುರದಲ್ಲೇ ತಯಾರಾಗುತ್ತದೆ. ಆದರೆ ಮಳೆಯ ತಂಡಿಗೆ ಬೂಷ್ಟು ಹಿಡಿದ ಹಿಂಡಿಯನ್ನಾಗಲಿ ಕಾಳನ್ನಾಗಲಿ 'ದನಕ್ಕೆ ತಾನೇ' ಎಂದು ಹಾಕಕೂಡದು. ಅದರ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಆರು ತಿಂಗಳು ತುಂಬದ ಕರುಗಳನ್ನಂತೂ ಹಿಂಡಿನೊಡನೆ ಬಯಲಿಗೆ ಕಳಿಸದೆ ಮನೆಯಲ್ಲೇ ಸಾಕುವುದು ಲೇಸು.

ಕಲಗಚ್ಚಿನ ಬಾನಿಯನ್ನು ನೋಡಿಕೊಳ್ಳುವ ತಾಯಂದಿರಿಗೂ ಒಂದು ಮಾತು. ಈ ದಿನಗಳು ಮದುವೆಯ ಕಾಲವೂ ಹೌದು. ಪಂಕ್ತಿಯಲ್ಲಿ ಉಳಿದ ಅನ್ನ, ಪಾಯಸವನ್ನು ಕೆಡಿಸಲು ಮನಸ್ಸೊಪ್ಪದೆ ಬುಟ್ಟಿಗಟ್ಟಲೆ ದನದ ಮುಂದೆ ಸುರಿಯುವುದುಂಟು. ಅದರಿಂದ ಹೊಟ್ಟೆಯೊಳಗೆ ಹುಳಿಯೇರಿ ದನ ಒಂದೆರಡು ದಿನದಲ್ಲೇ ಸತ್ತುಹೋಗಬಹುದು. ಕೆಡಿಸಬಾರದೆಂಬ ಸದ್ಭಾವವೇ ಕೊಟ್ಟಿಗೆಗೆ ಎರವಾಗುವ ಪ್ರಸಂಗವಿದು.

ಒಂದೇ ಹುಲ್ಲನ್ನು ನೆಚ್ಚಿ ದನ ಸಾಕಲಾಗದೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಅರಸರ 17ನೆಯ ಶತಮಾನದ 'ಬೆಣ್ಣೆ ಚಾವಡಿ', ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎಂದು ಹೆಸರಾಯಿತು. ಈ ಇಲಾಖೆಯ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದೊಯ್ಯುತ್ತಿದ್ದರು. ಆ ತಳಿಯ ಸಂವರ್ಧನೆ ಚನ್ನಗಿರಿಗೆ ಸಮೀಪದ ಅಜ್ಜಂಪುರದಲ್ಲಿ ಇಂದಿಗೂ ನಡೆದಿದೆ. ನಮ್ಮ ಊರುಗಳ ಪಾಲಿಗೆ ಉಳಿದಿರುವುದು ಗೋಮಾಳ ಮಾತ್ರ. 1966ರ ಭೂಕಂದಾಯ ನಿಯಮಗಳಂತೆ ನೂರು ದನಗಳಿಗೆ 30 ಎಕರೆ, ಅಂದರೆ ತಲೆಗೆ 12 ಗುಂಟೆ ಗೋಮಾಳವಿರಬೇಕು. ಒತ್ತುವರಿ, ಮಂಜೂರಾತಿಗಳಲ್ಲಿ ಅದೂ ಕರಗಿದ ಊರುಗಳು ಎಷ್ಟೋ! ಹನ್ನೆರಡು ಗುಂಟೆಯೇ ದೊರೆತರೂ ಬೆಳೆಯುವ ಕಡಸಿಗೆ ಅದು ವರ್ಷವಿಡೀ ಸಾಲದು. ಹೀಗಿರುವಾಗ ಕೈತಿಂಡಿಯನ್ನು ದುಂದುವೆಚ್ಚವೆಂದು ಬಗೆಯುವುದು ನಮಗೆ ಸರಿಯೆನಿಸದು. ಹುಟ್ಟಿದಾಗ 25-30 ಕಿಲೋ ಇರುವ ಮಿಶ್ರತಳಿಯ ಹೆಣ್ಣುಗರು ಒಂದೂವರೆ ವರ್ಷಕ್ಕೆ 250 ಕಿಲೋ ತೂಗಿ ಗರ್ಭಕಟ್ಟಬೇಕಾದರೆ ದಿನಕ್ಕೆ 400 ಗ್ರಾಮಿಗೂ ಮಿಕ್ಕಿ ಬೆಳೆಯಬೇಕು. ಮುಂಗಾರಿನಲ್ಲಿ ಎರಡು ತಿಂಗಳು ಸೊರಗಿದ ಕಡಸು ಅಷ್ಟೇ ತಡವಾಗಿ ಕರು ಹಾಕುತ್ತದೆ. ಮನೆಗೆ ಹಾಲೂ ಅಷ್ಟೇ ತಡ.

ಕರು ಚೆನ್ನಾಗಿ ಮೈತುಂಬಿಕೊಂಡಿದ್ದರೂ ತಪ್ಪದ ಅಪಾಯವೊಂದಿದೆ. ಅದು ಚಪ್ಪೆ ರೋಗ. ಇದರ ರೋಗಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿದ್ದು ಮಳೆಯೊಡನೆ ಮೇಲೇಳುತ್ತವೆ. ಆರು ತಿಂಗಳಿಂದ ಎರಡು ವರ್ಷದೊಳಗಿನ, ಅದರಲ್ಲೂ ಹಿಂಡಿನಲ್ಲೇ ದಷ್ಟಪುಷ್ಟವಾದ ಕರುಗಳನ್ನು ಇದು ಆರಿಸಿ ಹೊಡೆಯುತ್ತದೆ. ತೊಡೆ ಅಥವಾ ಭುಜ ಊದಿ, ಮುಟ್ಟಿದರೆ ಚರಚರ ಎನ್ನುತ್ತದೆ; ಕುಂಟತೊಡಗಿದ ಕರು ಒಂದೆರಡು ದಿನದಲ್ಲಿ ಇಲ್ಲವಾಗುತ್ತದೆ. ಗಂಟಲು ಊದಿ ಉಸಿರು ಕಟ್ಟಿಸುವ ಗಳಲೆ ರೋಗವೂ ಇದೇ ಕಾಲದ್ದು. ಎರಡಕ್ಕೂ ಲಸಿಕೆಗಳಿವೆ. ಅದು ಮೈಗೆ ಹಿಡಿಯಲು ಎರಡು-ಮೂರು ವಾರ ಬೇಕಾದ್ದರಿಂದ ಕೃತ್ತಿಕೆ ಮಳೆಯ ಹೊತ್ತಿಗೇ ಪಶು ಆಸ್ಪತ್ರೆಗೆ ಹೇಳಿ ಹಾಕಿಸಬೇಕು. ಕಾರಹುಣ್ಣಿಮೆ ಕಳೆಯಲಿ ಎಂದು ಕಾಯಬಾರದು. ಜಂತುಹುಳುವಿನ ಔಷಧವನ್ನೂ ಆಗಲೇ ಕುಡಿಸಿ, ಮಳೆಗಾಲದ ನಡುವೆ ವೈದ್ಯರ ಸಲಹೆಯಂತೆ ಇನ್ನೊಮ್ಮೆ ಕುಡಿಸಬೇಕು.

ಸವಳಂಗದಲ್ಲಿ ಹುಲ್ಲು ಮೊಣಕಾಲೆತ್ತರ ಬಂದಾಗಲೂ ಜಗಳೂರಿನ ಕಡೆ ನೆಲ ಒಣಗಿಯೇ ಇರುವುದುಂಟು. ಅಲ್ಲಿಯ ಬಂಧುಗಳು ಜೋಳದ ಹೊಲದ ಬಗ್ಗೆ ಎಚ್ಚರದಿಂದಿರಬೇಕು. ಮಳೆ ಕೈಕೊಟ್ಟು ಬಾಡಿದ ಎಳೆಜೋಳದಲ್ಲೂ, ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದ ಜೋಳದಲ್ಲೂ ಸಯನೈಡ್ ಎಂಬ ಕಡುವಿಷ ತುಂಬಿರುತ್ತದೆ. ಹಸಿದ ಕರು ನಾಲ್ಕು ಬಾಯಿ ಮೆದ್ದರೂ ಗಳಿಗೆಯೊಳಗೆ ನೆಲಕ್ಕುರುಳೀತು. ಅಂಥ ಹೊತ್ತಿನಲ್ಲಿ ಮನೆಮದ್ದಿಗೆ ತಡಕಾಡದೆ ಪಶುವೈದ್ಯರನ್ನು ಕರೆಸಬೇಕು; ಬೇಗ ಕೊಟ್ಟರೆ ಬದುಕಿಸುವ ಚುಚ್ಚುಮದ್ದು ಇದೆ. ಹೂ ಬಿಡುವ ತನಕ ಆ ಹೊಲದ ಬದುವಿಗೂ ದನ ಬಿಡುವಂತಿಲ್ಲ.