ಎರಡು ಊರುಗಳ ನಡುವಿನ ವಿದ್ಯಾಮಂದಿರ

ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಗಡಿಯಾರದ ಗೋಪುರವನ್ನು ಹೊತ್ತು ನಿಂತಿರುವ ಸೆಂಟ್ರಲ್ ಕಾಲೇಜನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆದರೆ ಅದು ಜನ್ಮ ತಾಳಿದ್ದು ಶಾಲೆಯಾಗಿ ಎಂಬ ಸಂಗತಿ ಎಲ್ಲರಿಗೂ ತಿಳಿದಿರಲಾರದು. 1858ರಲ್ಲಿ ‘ಬೆಂಗಳೂರು ಹೈಸ್ಕೂಲು’ ಎಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆಗೆ ಪಾದ್ರಿ ಜಾನ್ ಗ್ಯಾರೆಟ್ ಮೊದಲ ಮುಖ್ಯಸ್ಥರು. ಇಂದಿನ ಹೆಸರು ಬಂದದ್ದು 1875ರಲ್ಲಿ.

ಈ ಕಟ್ಟಡದ ಮಹತ್ವವನ್ನು ಅರಿಯಬೇಕಾದರೆ ಅದು ನಿಂತ ನೆಲವನ್ನು ಮೊದಲು ನೋಡಬೇಕೆಂದು ನಾವು ಭಾವಿಸುತ್ತೇವೆ. ಒಂದು ಕಡೆ ಕೋಟೆ, ಪೇಟೆಗಳ ಹಳೆಯ ಊರು. ಇನ್ನೊಂದು ಕಡೆ 1809ರಲ್ಲಿ ನೆಲೆಗೊಂಡ ದಂಡು. 1949ರವರೆಗೂ ಇವೆರಡಕ್ಕೂ ಬೇರೆ ಬೇರೆ ಆಡಳಿತ. ಇವುಗಳ ನಡುವೆ ಶಾಲೆ ಎದ್ದಿತು. ಪಕ್ಕದಲ್ಲಿಯೇ ಸೆರೆಮನೆಯೂ ಇದ್ದಿತೆಂಬುದು ಕಾಲದ ವಿನೋದ. ಆ ಸ್ಥಳ ಈಗ ಸ್ವಾತಂತ್ರ್ಯ ಉದ್ಯಾನವಾಗಿದೆ.

ಕಟ್ಟಡದ ಶೈಲಿ ಗಾಥಿಕ್. ದೇವಾಲಯಗಳ ಅಡ್ಡತೊಲೆ, ಕಂಬಗಳನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ತುದಿ ಚೂಪಾದ ಅದರ ಕಮಾನುಗಳು ಹೊಸವೆನಿಸುತ್ತವೆ. ಅಲಂಕಾರಕ್ಕಾಗಿ ಮಾತ್ರ ಹುಟ್ಟಿದ ಆಕಾರವಲ್ಲ ಅದು. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನು ಭಾರವನ್ನು ಹೆಚ್ಚು ನೇರವಾಗಿ ಕೆಳಕ್ಕೆ ಇಳಿಸುತ್ತದೆ. ಪಕ್ಕದ ಗೋಡೆಗಳ ಮೇಲೆ ಒತ್ತಡ ಕಡಿಮೆಯಾಗುತ್ತದೆ.

ಇಲ್ಲಿ ಓದಿ 1881ರಲ್ಲಿ ಪದವಿ ಪಡೆದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಸಮೀಪದಲ್ಲೇ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ತಮ್ಮ ಹೊಸ ಕಿರಣದ ಶೋಧವನ್ನು ವಿದ್ವಾಂಸರಿಗೆ ವಿವರಿಸಿದ್ದು ಇಲ್ಲಿಯೇ. ಮಹಾರಾಣಿ ಕಾಲೇಜು ಮೊದಲಾದವು ಸೇರಿ ಸುತ್ತಲಿನ ಬೀದಿಗಳೆಲ್ಲ ವಿದ್ಯಾರ್ಥಿಗಳ ಕೇರಿಯಾದವು. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಧರ್ಮಛತ್ರ ಕಟ್ಟಿಸಿದ್ದನ್ನೂ, ಅವರ ಧರ್ಮಸಂಸ್ಥೆ ನಮ್ಮ ಸಮಾಜದ ಬಡ ಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯ ನಡೆಸಿದ್ದನ್ನೂ ಇಲ್ಲಿ ಸ್ಮರಿಸಬೇಕು. ನಗರದಲ್ಲಿ ಕಾಲೇಜು ಇದ್ದರೆ ಸಾಲದು. ಹಳ್ಳಿಯ ಹುಡುಗನಿಗೆ ತಲೆಯ ಮೇಲೊಂದು ಸೂರೂ ಬೇಕಷ್ಟೆ!

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ, ಅದು ವಿಭಜನೆಗೊಂಡ ಮೇಲೆ 2017ರಲ್ಲಿ ಮತ್ತೊಂದು ವಿಶ್ವವಿದ್ಯಾಲಯವೂ ಈ ಆವರಣದಲ್ಲಿ ನೆಲೆ ಕಂಡವು. 2016ರಿಂದ ಇದರ ಸಮೀಪ ನೆಲದಡಿಯಲ್ಲಿ ಮೆಟ್ರೊ ರೈಲು ಓಡುತ್ತಿದೆ. ಆ ನಿಲ್ದಾಣದ ಹೆಸರಿನಲ್ಲಿ ವಿಶ್ವೇಶ್ವರಯ್ಯನವರೂ ಇದ್ದಾರೆ, ಸೆಂಟ್ರಲ್ ಕಾಲೇಜೂ ಇದೆ.

ಹೆಸರು ಉಳಿದರೆ ಗೋಡೆ ಉಳಿದಂತಾಗದು. ಸುಣ್ಣದ ಗಾರೆಯ ಹಳೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಬಿರುಕು ಕಂಡೊಡನೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಕಲ್ಲು, ಇಟ್ಟಿಗೆಗಳನ್ನು ತಿನ್ನುತ್ತದೆ. ಇಂತಹ ಕಟ್ಟಡಗಳ ದುರಸ್ತಿಗೆ ಹಣದಷ್ಟೇ ಸುಣ್ಣ ಅರೆಯಬಲ್ಲ ಗಾರೆಕೆಲಸದವರೂ ಬೇಕು. ಆ ಕಸುಬನ್ನು ಬಲ್ಲ ಹಿರಿಯರು ತಮ್ಮ ಊರಿನಲ್ಲಿದ್ದರೆ ಓದುಗರು ಅವರ ಬಳಿಗೆ ಒಬ್ಬಿಬ್ಬರು ಹುಡುಗರನ್ನು ಕಲಿಯಲು ಕಳುಹಿಸಬೇಕಾಗಿ ನಾವು ಕೋರುತ್ತೇವೆ.