ಹಳೆಯ ಸೊಗಸಿನ ಪೇಟೆ

ತಂದೆತಾಯಂದಿರು ಹಳತಾಯಿತೆಂದು ಅಟ್ಟಕ್ಕೇರಿಸಿದ ಹಿತ್ತಾಳೆಯ ಕೊಳಗವನ್ನು ಮಕ್ಕಳು ಅಲಂಕಾರವೆಂದು ಹಜಾರಕ್ಕೆ ಇಳಿಸಿಕೊಳ್ಳುವುದು ಲೋಕದಲ್ಲಿ ಹೊಸತೇನೂ ಅಲ್ಲ. ಆದರೆ ಈ ವ್ಯವಹಾರವು ಮನೆಯ ಅಟ್ಟವನ್ನು ಬಿಟ್ಟು ಅಂಗಡಿಯ ಕಪಾಟಿಗೆ ಬಂದು, ಕೊರಳಿಗೆ ಬೆಲೆಯ ಚೀಟಿಯನ್ನು ಕಟ್ಟಿಕೊಂಡು, ‘ರೆಟ್ರೋ’, ‘ವಿಂಟೇಜ್’ ಎಂಬ ಬಿರುದುಗಳನ್ನು ಧರಿಸಿ ನಿಂತಿರುವುದು ನಮ್ಮ ಕಾಲದ ವಿಶೇಷ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಯಲಹಂಕದವರೆಗೆ ಹೆದ್ದಾರಿಯ ಬದಿಯಲ್ಲಿ ಎದ್ದಿರುವ ದೊಡ್ಡ ಮಾಲುಗಳಿಂದ ಹಿಡಿದು ಆರ್.ಟಿ. ನಗರದ ಸಣ್ಣ ಉಡುಗೊರೆಯಂಗಡಿಗಳವರೆಗೆ ಎಲ್ಲಿ ಹೊಕ್ಕರೂ ಎನಾಮಲ್ ಬಟ್ಟಲು, ಲೋಲಕದ ಗಡಿಯಾರ, ಬೆತ್ತ ಹೆಣೆದ ಕುರ್ಚಿ, ಹಳೆಯ ಟೆಲಿಫೋನಿನ ರೂಪವನ್ನು ತಾಳಿದ ಏನೋ ಒಂದು ಯಂತ್ರ, ಇವು ಕಣ್ಣಿಗೆ ಬೀಳುತ್ತವೆ. ಬಟ್ಟೆಯ ವಿಷಯದಲ್ಲಂತೂ, ಎಂಬತ್ತರ ದಶಕದ ಕಥೆಯನ್ನು ಹೇಳಿದ ‘ಬೆಲ್ ಬಾಟಂ’ ಚಿತ್ರ 2019ರಲ್ಲಿ ತೆರೆಗೆ ಬಂದಾಗ, ಆ ಅಗಲ ಕಾಲಿನ ಷರಾಯಿಯನ್ನು ತಾರುಣ್ಯದಲ್ಲಿ ತೊಟ್ಟು ಬಳಿಕ ಅದಕ್ಕಾಗಿ ನಾಚಿಕೊಂಡಿದ್ದ ಹಿರಿಯರೇ ಮೊಮ್ಮಕ್ಕಳ ಮುಂದೆ ಅದನ್ನು ಹೊಗಳಬೇಕಾಯಿತು.

ಈ ಪೇಟೆಯಲ್ಲಿ ಮೂರು ಬಗೆಯ ಸರಕುಗಳು ಒಂದರೊಡನೊಂದು ಬೆರೆತಿವೆ. ನಿಜವಾಗಿಯೂ ಹಳೆಯದಾಗಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದದ್ದು ಒಂದು. ಇಂದೇ ತಯಾರಾಗಿ, ಹಳೆಯದರ ವೇಷವನ್ನು ಹಾಕಿಕೊಂಡದ್ದು ಇನ್ನೊಂದು. ಮೂರನೆಯದನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಇಂದೇ ತಯಾರಾಗುತ್ತಿದ್ದರೂ ಹುಟ್ಟಿದಂದಿನ ರೂಪವನ್ನು ಎಂದೂ ಬಿಡದೆ ಉಳಿಸಿಕೊಂಡು ಬಂದದ್ದು. ಕೊಳ್ಳುವವನು ಕೈಯಲ್ಲಿರುವುದು ಇವುಗಳಲ್ಲಿ ಯಾವುದೆಂಬುದನ್ನು ಅರಿತು ಅದಕ್ಕೆ ತಕ್ಕ ಬೆಲೆಯನ್ನು ತೆತ್ತರೆ ಮೂರರಲ್ಲಿಯೂ ದೋಷವಿಲ್ಲ. ಆದರೆ ನನ್ನ ಪಕ್ಷಪಾತವನ್ನು ಮುಚ್ಚಿಡುವುದೇಕೆ? ನನ್ನ ಒಲವು ಮೂರನೆಯದರ ಕಡೆಗೆ. ಮತ್ತು ನಗರದ ಈ ಉತ್ತರಭಾಗದಲ್ಲಿ ಆ ಒಲವಿಗೆ ಆಧಾರವೂ ಉಂಟು. ಏಕೆಂದರೆ ಇಂದು ನಾವು ಹಳೆಯ ಕಾಲದ ಗುರುತುಗಳೆಂದು ಹುಡುಕಿಕೊಂಡು ಹೋಗುವ ವಸ್ತುಗಳಲ್ಲಿ ಅನೇಕವು ಹುಟ್ಟಿದ್ದೇ ಯಶವಂತಪುರ, ಜಾಲಹಳ್ಳಿಗಳ ಕಾರ್ಖಾನೆಗಳಲ್ಲಿ.

ಮೊದಲು ಕೈಗಡಿಯಾರದ ಮಾತನ್ನೇ ಎತ್ತಿಕೊಳ್ಳಬಹುದು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಸಂಸ್ಥೆಯು 1953ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದದ್ದು ಲೇತು ಮೊದಲಾದ ಯಂತ್ರೋಪಕರಣಗಳ ತಯಾರಿಕೆಗಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಅದು ಗಡಿಯಾರಗಳ ತಯಾರಿಕೆಗೂ ಕೈಹಾಕಿತು. ಅಲ್ಲಿಂದ ಮುಂದಿನ ಎರಡು ಮೂರು ದಶಕಗಳ ಕಾಲ, ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ಮಗನಿಗೆ ತಂದೆ ಕೊಡಿಸತಕ್ಕದ್ದು, ವರೋಪಚಾರದಲ್ಲಿ ಅಳಿಯನಿಗೆ ಮಾವ ಕಟ್ಟತಕ್ಕದ್ದು, ಸರ್ಕಾರಿ ನೌಕರ ಮೊದಲ ಸಂಬಳಗಳನ್ನು ಕೂಡಿಸಿಟ್ಟು ಕೊಳ್ಳತಕ್ಕದ್ದು ಎಚ್‌ಎಂಟಿ ವಾಚೇ ಎಂಬಷ್ಟರ ಮಟ್ಟಿಗೆ ಅದು ಮನೆಮಾತಾಯಿತು. ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ್, ಕೊಹಿನೂರ್, ಸುಜಾತಾ ಎಂಬ ಹೆಸರುಗಳನ್ನು ಓದಿದರೆ ಆ ಕಾಲದ ದೇಶವು ತನ್ನ ವಿಷಯದಲ್ಲಿ ಏನೆಂದುಕೊಂಡಿತ್ತೆಂಬುದು ತಿಳಿಯುತ್ತದೆ; ಕಣ್ಣಿಲ್ಲದವರು ಬೆರಳಿನಿಂದ ಮುಟ್ಟಿ ಹೊತ್ತನ್ನು ತಿಳಿಯಲೆಂದು ಬ್ರೈಲ್ ವಾಚನ್ನೂ ಅದು ಮಾಡಿತ್ತು. 1984ರಲ್ಲಿ ಟೈಟನ್ ಹುಟ್ಟಿ, ಬ್ಯಾಟರಿಯಿಂದ ನಡೆಯುವ ತೆಳ್ಳನೆಯ ಕ್ವಾರ್ಟ್ಸ್ ವಾಚುಗಳು ಪೇಟೆಯನ್ನು ತುಂಬಿದ ಮೇಲೆ, ದಿನಾ ಬೆಳಗ್ಗೆ ಕೀ ಕೊಡಬೇಕಾದ ಯಂತ್ರದ ಕಡೆಗೆ ತಿರುಗಿ ನೋಡುವವರು ಕಡಿಮೆಯಾದರು. ನಷ್ಟದ ಮೇಲೆ ನಷ್ಟ ಬಿದ್ದು, ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವುದಕ್ಕೆ ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು.

ಆ ಕ್ಷಣದಿಂದಲೇ ಆ ವಾಚಿನ ಬೆಲೆ ಏರತೊಡಗಿದ್ದು ಮನುಷ್ಯಸ್ವಭಾವದ ಒಂದು ವಿನೋದ. ಇದ್ದಾಗ ಬೇಡವಾಗಿದ್ದ ಜನತಾ, ಇಲ್ಲವಾಗುತ್ತಲೇ ಸಂಗ್ರಾಹಕರ ವಸ್ತುವಾಯಿತು. ಜಾಲಹಳ್ಳಿಯ ಎಚ್‌ಎಂಟಿ ಆವರಣದಲ್ಲಿ ದಟ್ಟವಾದ ಮರಗಳ ನಡುವೆ ಸಂಸ್ಥೆಯು ತನ್ನದೇ ಒಂದು ಪರಂಪರೆಯ ವಸ್ತುಸಂಗ್ರಹಾಲಯವನ್ನು ತೆರೆದಿದೆ. ಹಳೆಯ ವಾಚನ್ನು ಕೊಳ್ಳಬೇಕೆನ್ನುವವರು ಪೇಟೆಗೆ ಹೋಗುವ ಮುನ್ನ ಇಲ್ಲಿಗೆ ಬಂದು, ಯಾವ ಮಾದರಿಯ ಡಯಲ್ ಹೇಗಿತ್ತು, ಮುಳ್ಳುಗಳು ಯಾವ ಆಕಾರದವು, ಅಕ್ಷರ ಎಷ್ಟು ದಪ್ಪ ಎಂಬುದನ್ನು ಕಣ್ತುಂಬ ನೋಡಿಕೊಳ್ಳುವುದು ಲೇಸು. ಪೇಟೆಯಲ್ಲಿ ತಿರುಗುತ್ತಿರುವ ‘ಪೈಲಟ್’ಗಳಲ್ಲಿ ಕಾರ್ಖಾನೆಯು ಕನಸಿನಲ್ಲಿಯೂ ಕಾಣದ ಹಸಿರು, ಕಿತ್ತಳೆ, ನೇರಳೆ ಬಣ್ಣಗಳ ಡಯಲುಗಳನ್ನು ಹೊತ್ತವು ಬಹಳ; ಹಳೆಯ ಡಯಲನ್ನು ಕೆರೆದು, ಹೊಸದಾಗಿ ಬಣ್ಣ ಬಳಿದು, ಅಕ್ಷರ ಅಚ್ಚು ಹಾಕಿ, ಒಂದು ವಾಚಿನ ಕವಚಕ್ಕೆ ಇನ್ನೊಂದರ ಯಂತ್ರವನ್ನು ಕೂರಿಸಿ ಮಾರುವ ಉದ್ಯೋಗ ಭರದಿಂದ ಸಾಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಇಂಥ ಅಚ್ಚಿನ ಅಂಚು ಹರಡಿರುತ್ತದೆ, ಅಂಕಿಗಳು ನಿಮಿಷದ ಗೆರೆಗಳಿಗೆ ಹೊಂದುವುದಿಲ್ಲ. ಹಿಂಬದಿಯ ಮುಚ್ಚಳವನ್ನು ತೆರೆಸಿ ನೋಡಿದಾಗ ಯಂತ್ರದ ಮೇಲೆ ಸಂಸ್ಥೆಯ ಹೆಸರೂ ಹದಿನೇಳು ಹರಳುಗಳ ಉಲ್ಲೇಖವೂ ಇರಬೇಕು. ಜನತಾದ ಯಂತ್ರ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ, ಮಿಡಿಯುವಂಥದು. ತೆರೆದು ತೋರಿಸಲು ಒಪ್ಪದ ವ್ಯಾಪಾರಿಯಿಂದ ಕೊಳ್ಳದಿರುವುದೇ ವಿವೇಕ.

ವಾಚನ್ನು ಕೊಂಡರಾಯಿತೆ? ಅದಕ್ಕೆ ಎಣ್ಣೆ ಕಾಣಿಸಿ, ಧೂಳು ತೆಗೆದು, ಸಡಿಲವಾದ ಕೀಯನ್ನು ಸರಿಮಾಡುವ ಕೈ ಬೇಕು. ಗಾಜಿನ ಪೆಟ್ಟಿಗೆಯಷ್ಟೇ ಅಗಲದ ಅಂಗಡಿಯಲ್ಲಿ ಕಣ್ಣಿಗೆ ಮಸೂರವನ್ನು ಸಿಕ್ಕಿಸಿಕೊಂಡು ಕುಳಿತ ರಿಪೇರಿಯವರು ನಗರದ ಹಳೆಯ ಪೇಟೆಬೀದಿಗಳಲ್ಲಿ ಇನ್ನೂ ಇದ್ದಾರೆ. ಬಿಚ್ಚಿ ಮತ್ತೆ ಜೋಡಿಸಬಹುದೆಂಬ ಈ ಗುಣವೇ ಹಳೆಯ ವಸ್ತುವಿನ ನಿಜವಾದ ಬೆಲೆಯೆಂದು ನನಗೆ ತೋರುತ್ತದೆ. ಮಸುಕಾದ ಬಣ್ಣ, ಸವೆದ ಅಂಚು, ಗತಕಾಲದ ಛಾಯೆ ಎಂದು ಜಾಹೀರಾತುಗಳು ವರ್ಣಿಸುವ ಗುಣಗಳೆಲ್ಲ ಆಮೇಲಿನವು.

ಇನ್ನು ಉಡುಗೊರೆ. ಯಶವಂತಪುರದ ಬಳಿಯ ಮೆಟ್ರೋ ನಿಲ್ದಾಣವೊಂದಕ್ಕೇ ಹೆಸರನ್ನಿತ್ತ ಸ್ಯಾಂಡಲ್ ಸೋಪ್ ಕಾರ್ಖಾನೆಯು ನಾನು ಹೇಳಿದ ಮೂರನೆಯ ಬಗೆಗೆ ಉತ್ತಮ ನಿದರ್ಶನ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಿಗೆ ಶ್ರೀಗಂಧದ ಸಾಗಣೆ ನಿಂತು, ಕಡಿದ ಮರ ಕೊಳ್ಳುವವರಿಲ್ಲದೆ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ಅವರ ದಿವಾನರಾದ ವಿಶ್ವೇಶ್ವರಯ್ಯನವರೂ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ, ಆ ಎಣ್ಣೆಯಿಂದ ಸಾಬೂನನ್ನು ಮಾಡುವ ಉದ್ಯಮಕ್ಕೆ ಕೈಹಾಕಿದರು. ಅದರ ಆರಂಭವನ್ನು 1916ರಿಂದ ಎಣಿಸುವುದು ರೂಢಿ. ಇಂಗ್ಲೆಂಡಿನಲ್ಲಿ ತರಬೇತಿಯನ್ನು ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಆ ಬಿಲ್ಲೆಗೆ ಅಂಡಾಕೃತಿಯನ್ನೂ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆಯನ್ನೂ, ಆನೆಯ ತಲೆ ಸಿಂಹದ ಮೈಯ ಶರಭದ ಲಾಂಛನವನ್ನೂ ಕೊಟ್ಟರು. ನೂರು ವರ್ಷಗಳ ಮೇಲೂ ಅದು ಬಹುಮಟ್ಟಿಗೆ ಹಾಗೆಯೇ ಇದೆ. ಹೊಸ ವಿನ್ಯಾಸಗಾರರು ಹಳೆಯ ಅಕ್ಷರಗಳನ್ನು ಅನುಕರಿಸಿ, ಕಂದುಬಣ್ಣದ ಕಾಗದವನ್ನು ಸುತ್ತಿ ಹತ್ತುಪಟ್ಟು ಬೆಲೆಗೆ ಮಾರುವ ಸಾಬೂನುಗಳ ಮುಂದೆ, ಕಿರಾಣಿ ಅಂಗಡಿಯಲ್ಲಿಯೂ ದೊರೆಯುವ ಈ ಬಿಲ್ಲೆಗಳ ಒಂದು ಪೆಟ್ಟಿಗೆಯನ್ನು ಸ್ನೇಹಿತರಿಗೆ ಕೊಡುವುದರಲ್ಲಿ ಹೆಚ್ಚಿನ ರಸಿಕತೆ ಇದೆಯೆಂದು ಹೇಳಿದರೆ ತಪ್ಪಾಗದು.

ಇದೇ ಪ್ರದೇಶದಲ್ಲಿ, ಹಳೆಯ ತುಮಕೂರು ರಸ್ತೆಯಲ್ಲಿ, 1936ರಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯಿತ್ತು. ನಾಡಿನ ಮನೆಮನೆಗಳಲ್ಲಿ ಉರಿದ ತಂತಿಯ ಬಲ್ಬುಗಳನ್ನು ಮಾಡುತ್ತಿದ್ದ ಅದು ಈ ಶತಮಾನದ ಆದಿಯಲ್ಲಿ ನಿಂತುಹೋಯಿತು. ಇಂದು ಅಲ್ಲಿಂದ ಕೂಗಳತೆಯಲ್ಲಿರುವ ಕಾಫಿ ಮಳಿಗೆಗಳಲ್ಲಿ, ಉರಿಯುವ ತಂತಿಯನ್ನು ನಟಿಸುವ ಎಲ್‌ಇಡಿ ದೀಪಗಳು ತೂಗಾಡುತ್ತಿವೆ. ವಿದ್ಯುತ್ತಿನ ಉಳಿತಾಯದ ದೃಷ್ಟಿಯಿಂದ ಆ ನಟನೆಯೇ ಮೇಲು, ಅದನ್ನು ಒಪ್ಪಲೇಬೇಕು.

ಉಡುಪಿನ ವಿಷಯಕ್ಕೆ ಬಂದರೆ, ಗುಳೇದಗುಡ್ಡದ ಖಣದ ಪುನರುದಯವನ್ನು ಹೇಳದಿರುವಂತಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರ ರವಿಕೆಯಾಗಿದ್ದ ಈ ವಸ್ತ್ರವು ಈಗ ಕುರ್ತಾ, ಕೈಚೀಲ, ದಿಂಬಿನ ಚೀಲ, ಮೇಜಿನ ಹಾಸುಗಳಾಗಿ ಬೆಂಗಳೂರಿನ ಅಂಗಡಿಗಳಿಗೆ ಬಂದಿದೆ. ಖಣದ ಬುಟ್ಟಾ ನೇಯ್ಗೆಯಲ್ಲಿಯೇ ಮೂಡುವಂಥದಾದ್ದರಿಂದ ಬಟ್ಟೆಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಎಳೆಗಳ ಓಟ ಕಾಣುತ್ತದೆ. ಕಾಣದೆ, ಬಣ್ಣ ಮಾತ್ರ ಮಸುಕಾಗಿ ಇಳಿದಿದ್ದರೆ ಅದು ಅಚ್ಚೊತ್ತಿದ ಅನುಕರಣೆ. ಇಳಕಲ್ಲಿನ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸನ್ನು ಕುಣಿಕೆಗಳಿಂದ ಕೂಡಿಸಿ ನೇಯುವ ತೋಪುತೆನಿಯ ಕ್ರಮವನ್ನೂ ಹೀಗೆಯೇ ಬೆರಳಿನಿಂದ ಸವರಿ ಪರೀಕ್ಷಿಸಬಹುದು. ಹಳೆಯ ರೇಷ್ಮೆಯ ಸೀರೆಗಳದು ಬೇರೆ ಕಥೆ. ಬೀದಿಯಲ್ಲಿ ‘ಹಳೇ ಜರಿ ಸೀರೆ’ ಎಂದು ಕೂಗಿಕೊಂಡು ಬರುವವರು ಅವನ್ನು ಕೊಳ್ಳುವುದು ಸುಟ್ಟು ಬೆಳ್ಳಿಯನ್ನು ತೆಗೆಯುವುದಕ್ಕಾಗಿ. ಆ ಅಗ್ನಿಪ್ರವೇಶಕ್ಕಿಂತ ಮೊಮ್ಮಗಳು ಅಜ್ಜಿಯ ಸೀರೆಯನ್ನು ಕತ್ತರಿಸಿ ಲಂಗವನ್ನು ಹೊಲಿಸಿಕೊಳ್ಳುವುದು ಎಷ್ಟೋ ಮೇಲು. ಆದರೂ ಮಡಿಕೆಯ ಗೆರೆಯಲ್ಲಿ ಸೀಳಿರದ, ಗಟ್ಟಿಯಾಗಿರುವ ಸೀರೆಗೆ ಕತ್ತರಿಯನ್ನು ಇಡುವುದು ಅನ್ಯಾಯವೇ ಸರಿ. ಆಗಾಗ ಮಡಿಕೆಯನ್ನು ಬದಲಾಯಿಸಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ಇನ್ನೊಂದು ತಲೆಮಾರಿಗೂ ಸೀರೆಯಾಗಿಯೇ ಬಾಳುತ್ತದೆ.

ಗ್ರಾಮಫೋನಿನ ಬಗ್ಗೆ ಒಂದು ಎಚ್ಚರಿಕೆ. ಫಳಫಳನೆ ಹೊಳೆಯುವ ಹಿತ್ತಾಳೆಯ ಕಹಳೆ, ಪೆಟ್ಟಿಗೆಯ ಮೇಲೆ ನಾಯಿಯ ಚಿತ್ರವಿರುವ ಹೊಸ ಫಲಕ, ಇವೆರಡೂ ಒಟ್ಟಿಗೆ ಕಂಡರೆ ಅದು ಬಹುಶಃ ನಿನ್ನೆ ಮೊನ್ನೆ ಜೋಡಿಸಿದ ವಸ್ತು. ಬೀರುವಿನಲ್ಲಿ ಹಿರಿಯರ 78 ವೇಗದ ತಟ್ಟೆಗಳು ಇದ್ದವರು ಅವನ್ನು ಹೊಸ ಮಾದರಿಯ ಅಗ್ಗದ ಯಂತ್ರದ ಮೇಲೆ ಹಾಕುವ ಮೊದಲು, ಆ ಅಗಲ ಗೆರೆಗಳಿಗೆ ಬೇರೆ ಸೂಜಿಯೇ ಬೇಕೆಂಬುದನ್ನು ನೆನಪಿಡಬೇಕು. ಆ ತಟ್ಟೆಗಳು ಅರಗಿನವು. ಬಿದ್ದರೆ ಗಾಜಿನಂತೆ ಒಡೆಯುತ್ತವೆ.

ಪಾತ್ರೆಗಳನ್ನು ನೋಟಕ್ಕೆಂದು ಕೊಳ್ಳುವವರೊಡನೆ ನನಗೆ ಜಗಳವಿಲ್ಲ. ಅಡುಗೆಗೆಂದು ಕೊಳ್ಳುವವರು ಮಾತ್ರ ಒಳಮೈಯ ಕಲಾಯಿಯನ್ನು ನೋಡಬೇಕು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಣಸೆಹುಳಿಯ ಸಾರನ್ನೋ ಮಜ್ಜಿಗೆಯನ್ನೋ ಇಟ್ಟರೆ ಲೋಹ ಕಿಲುಬಿ ಅದು ವಿಷವಾದೀತೆಂಬುದು ಹಿಂದೆ ಮಕ್ಕಳಿಗೂ ಗೊತ್ತಿತ್ತು. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ತೂರಿ, ಕರಗಿದ ತವರವನ್ನು ಅರಳೆಯಿಂದ ಒರೆಸುವ ಕೆಲಸವು ನೋಡುವುದಕ್ಕೆ ಕಣ್ಕಟ್ಟಿನಂತಿದ್ದರೂ, ಅಗ್ಗದ ತವರದಲ್ಲಿ ಸೀಸ ಬೆರೆತಿರುವ ಭಯವುಂಟಾದ್ದರಿಂದ ನಂಬಿಕೆಯ ಕೈಗೇ ಅದನ್ನು ಒಪ್ಪಿಸಬೇಕು. ಹೊಸ ಹಿತ್ತಾಳೆಗೆ ರಾಸಾಯನಿಕ ಬಳಿದು ಕಪ್ಪಾಗಿಸಿ ‘ಆಂಟಿಕ್’ ಎಂದು ಮಾರುವುದೂ ಉಂಟು. ಅಂಥದರಲ್ಲಿ ಕೈ ಆಡುವ ಹಿಡಿಯೂ ಕೈ ತಲುಪದ ಸಂದಿಯೂ ಒಂದೇ ಕಪ್ಪಾಗಿರುತ್ತವೆ. ನಿಜವಾಗಿ ಬಳಸಿದ ಪಾತ್ರೆಯಲ್ಲಿ ಹಿಡಿ ಸವೆದು ಹೊಳೆಯುತ್ತದೆ, ಸಂದಿ ಮಾತ್ರ ಕಪ್ಪು.

ಕಡೆಯದಾಗಿ ಕಾನೂನು. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷ ಮೀರಿದ ವಿಗ್ರಹ, ಶಿಲ್ಪ, ಚಿತ್ರ, ಕುಶಲ ವಸ್ತುಗಳೂ, ಎಪ್ಪತ್ತೈದು ವರ್ಷ ಮೀರಿದ ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಗಳೂ ಪುರಾವಸ್ತುಗಳೆನಿಸುತ್ತವೆ; ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಅವನ್ನು ದೇಶದಿಂದ ಹೊರಕ್ಕೆ ಒಯ್ಯುವಂತೆಯೂ ಇಲ್ಲ. ಯಲಹಂಕವನ್ನು ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳಲ್ಲಿ, ಅಮೆರಿಕೆಯ ಮಗಳ ಮನೆಗೆಂದು ಮುತ್ತಜ್ಜಿಯ ದೀಪದ ಕಂಬವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ಎಷ್ಟು ಜನವೋ. ಅದು ನೂರು ವರ್ಷಕ್ಕಿಂತ ಈಚಿನದಾದರೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಕ್ಷೇಮಕರ. ಸುಂಕದ ಅಧಿಕಾರಿಯ ಮುಂದೆ ವಂಶವೃಕ್ಷವನ್ನು ವಿವರಿಸುತ್ತ ನಿಂತರೆ ವಿಮಾನ ಕಾಯುವುದಿಲ್ಲ.