ಬಾಲಮಂದಿರದಿಂದ ಬಾಡಿಗೆ ಮನೆಗೆ

ಬಾಲಮಂದಿರದಲ್ಲಿ ಬೆಳೆದ ಹುಡುಗನಿಗೋ ಹುಡುಗಿಗೋ 18 ತುಂಬಿತೆಂದರೆ ಕಾನೂನಿನ ಲೆಕ್ಕದಲ್ಲಿ ಬಾಲ್ಯ ಮುಗಿಯಿತು. ಮನೆಯಲ್ಲಿ ಬೆಳೆದವರಿಗೆ ಆ ದಿನ ಏನೂ ಬದಲಾಗುವುದಿಲ್ಲ. ಅಮ್ಮ ಎಂದಿನಂತೆ ಊಟಕ್ಕೆ ಕರೆಯುತ್ತಾಳೆ, ಅಪ್ಪ ಎಂದಿನಂತೆ ಗದರುತ್ತಾನೆ. ಬಾಲಮಂದಿರದವರಿಗೆ ಮಾತ್ರ ಮಲಗುವ ಜಾಗ, ಊಟ, ಜತೆಗಾರರು ಎಲ್ಲ ಒಟ್ಟಿಗೆ ಕೈತಪ್ಪುತ್ತವೆ. ನಮ್ಮಲ್ಲಿ ಪೋಷಕ ಕುಟುಂಬಗಳಲ್ಲಿ ಬೆಳೆಯುವ ಮಕ್ಕಳು ಇನ್ನೂ ಕಡಿಮೆ. ಹಾಗಾಗಿ ಈ ಕಷ್ಟ ಹೆಚ್ಚಾಗಿ ಸಂಸ್ಥೆಗಳಲ್ಲಿ ಬೆಳೆದವರದು. ಅವರನ್ನು ಈ ಗಡಿ ದಾಟಿಸಿ, ದುಡಿದು ತಿನ್ನುವ ಹಂತಕ್ಕೆ ತಲುಪಿಸುವ ಕೆಲಸಕ್ಕೆ ಸರ್ಕಾರಿ ಕಡತದಲ್ಲಿ ಅನುಪಾಲನೆ ಎನ್ನುತ್ತಾರೆ. ಪರಿವೀಕ್ಷಣಾಧಿಕಾರಿಗಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು, ಸ್ವಯಂಸೇವಾ ಸಂಸ್ಥೆಗಳವರು ಇದನ್ನು ಮಾಡುತ್ತಾರೆ. ಚೆನ್ನಾಗಿ ಮಾಡಿದಾಗ ಇದು ಯಾವ ಕಸುಬಿಗೂ ಕಡಿಮೆಯಿಲ್ಲ.

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಇದಕ್ಕೆ ಆಧಾರ. ಸಂಸ್ಥೆ ಬಿಟ್ಟವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ನಿಗದಿಯಾಗಿದೆ. ಆರರಿಂದ ಎಂಟು ಮಂದಿ ಒಂದೇ ಮನೆಯಲ್ಲಿ ಕೂಡಿ ಬಾಳುವ ತಾತ್ಕಾಲಿಕ ವ್ಯವಸ್ಥೆಗೂ 2016ರ ಮಾದರಿ ನಿಯಮಗಳಲ್ಲಿ ಅವಕಾಶವಿದೆ. ಮಗು ಹೊರಹೋಗುವ ಎರಡು ತಿಂಗಳ ಮೊದಲು ಮುಂದಿನ ಯೋಜನೆ ಮಕ್ಕಳ ಕಲ್ಯಾಣ ಸಮಿತಿಯ ಮುಂದಿರಬೇಕು ಎನ್ನುತ್ತವೆ ಅದೇ ನಿಯಮಗಳು. ಕಸುಬು ಬಲ್ಲವರು ಎರಡು ತಿಂಗಳಿಗೆ ಕಾಯುವುದಿಲ್ಲ. ಹತ್ತನೇ ತರಗತಿ ಮುಗಿಯುವ ಹೊತ್ತಿಗೇ ಶುರುಮಾಡುತ್ತಾರೆ.

ಶುರು ಮಾಡುವುದು ಕಾಗದಪತ್ರಗಳಿಂದ. ಇದು ನೀರಸ ಅನ್ನಿಸಬಹುದು, ಆದರೆ ಇಲ್ಲಿ ಎಡವಿದರೆ ಮುಂದಿನದೆಲ್ಲ ಎಡವಿದಂತೆಯೇ. ನಮ್ಮ ಮೈಸೂರು ಸೀಮೆಯ ಒಂದು ಉದಾಹರಣೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಮಹದೇವ, ಆಧಾರ್‌ನಲ್ಲಿ ಮಾದೇವಯ್ಯ, ತಂದೆಯ ಮರಣ ಪ್ರಮಾಣಪತ್ರದಲ್ಲಿ ಮಹದೇವಯ್ಯ. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು. ಆದರೆ ಕಂಪ್ಯೂಟರಿಗೆ ಗೊತ್ತಿಲ್ಲ, ಕಾರ್ಖಾನೆಯ ನೇಮಕಾತಿ ವಿಭಾಗಕ್ಕೂ ಗೊತ್ತಿಲ್ಲ. ಅಪ್ಪನಿದ್ದಿದ್ದರೆ ನಾಡಕಚೇರಿಗೆ ನಾಲ್ಕು ಸಲ ಅಲೆದು ಸರಿಮಾಡಿಸುತ್ತಿದ್ದ. ಇಲ್ಲಿ ಆ ಅಲೆದಾಟ ಕಾರ್ಯಕರ್ತರದು. 15 ವರ್ಷಕ್ಕೆ ಆಧಾರ್ ಬೆರಳಚ್ಚು ಹೊಸದಾಗಿ ಕೊಡಬೇಕು. ಸಂಸ್ಥೆ ಮರೆತಿದ್ದರೆ ಬ್ಯಾಂಕ್ ಖಾತೆ ತೆರೆಯುವಾಗ ಅದೂ ತೊಡಕಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರ, ಪಾನ್ ಕಾರ್ಡ್, ಮತದಾರರ ಪಟ್ಟಿಗೆ ಹೆಸರು ಎಲ್ಲವನ್ನೂ ಒಂದೊಂದಾಗಿ ಕೂಡಿಸಿ ಒಂದು ಕಡತ ಮಾಡುತ್ತಾರೆ. ಮೂಲಪ್ರತಿಗಳನ್ನು ಆ ಹುಡುಗನ ಕೈಗೇ ಕೊಡುತ್ತಾರೆ, ಡಿಜಿಲಾಕರ್‌ನಲ್ಲಿ ಪ್ರತಿ ಇಡುವುದನ್ನು ಕಲಿಸುತ್ತಾರೆ. ತಾವೇ ಎಲ್ಲ ಮಾಡಿ ಮುಗಿಸುವುದಿಲ್ಲ. ಮೊದಲ ಸಲ ಸರತಿಯಲ್ಲಿ ಅವನ ಜತೆ ನಿಲ್ಲುತ್ತಾರೆ, ಎರಡನೇ ಸಲ ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ, ಮೂರನೇ ಸಲ ಅವನೊಬ್ಬನನ್ನೇ ಕಳಿಸುತ್ತಾರೆ.

ತಿ. ನರಸೀಪುರದ ಕಡೆಯ ಮಕ್ಕಳ ವಿಷಯದಲ್ಲಿ ಇನ್ನೊಂದು ಕಾಗದ ಮುಖ್ಯ: ಪಹಣಿ. ಬಾಲಮಂದಿರಕ್ಕೆ ಬಂದವರೆಲ್ಲ ಯಾರೂ ಇಲ್ಲದವರಲ್ಲ. ತಂದೆ ತೀರಿಕೊಂಡು ತಾಯಿ ದಿಕ್ಕುಗೆಟ್ಟವರು, ಚಿಕ್ಕಪ್ಪಂದಿರು ಇದ್ದೂ ಸಾಕಲಾಗದವರು ಅವರಲ್ಲಿರುತ್ತಾರೆ. ಅಂಥವರ ತಂದೆಯ ಹೆಸರಿನಲ್ಲಿ ಅರ್ಧ ಎಕರೆಯೋ ಹತ್ತು ಗುಂಟೆಯೋ ಭೂಮಿ ಉಳಿದಿರಬಹುದು. ಕಬಿನಿ ಬಲದಂಡೆ ನಾಲೆಯ ನೀರು ಹರಿಯುವ ತಾಲ್ಲೂಕಿನಲ್ಲಿ ಹತ್ತು ಗುಂಟೆ ಗದ್ದೆ ಅಂದರೆ ಸಣ್ಣ ಮಾತಲ್ಲ. ಅನುಭವಿ ಕಾರ್ಯಕರ್ತರು ಮಗು ಹೊರಬರುವ ಮೊದಲೇ ಪಹಣಿ ತೆಗೆಸಿ ನೋಡುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿಸುತ್ತಾರೆ. ಹೆಣ್ಣುಮಗಳಾದರೆ, 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವಳಿಗೂ ಸಮಪಾಲಿದೆ ಎಂಬುದನ್ನು ಅವಳಿಗೂ ನೆಂಟರಿಗೂ ಕೂರಿಸಿಕೊಂಡು ಹೇಳುತ್ತಾರೆ. ಇದನ್ನು ಜಗಳವಿಲ್ಲದೆ ಹೇಳುವುದೇ ಒಂದು ವಿದ್ಯೆ. ನಾಳೆ ಹಬ್ಬಕ್ಕೆ ಆ ಹುಡುಗಿ ಹೋಗಬೇಕಾದ ಮನೆ ಅದೇ ಚಿಕ್ಕಪ್ಪನದು. ಹಕ್ಕೂ ಉಳಿಯಬೇಕು, ಬಾಗಿಲೂ ಮುಚ್ಚಬಾರದು. 18 ತುಂಬುತ್ತಿದ್ದಂತೆ ಮದುವೆ ಮಾಡಿಬಿಡುತ್ತೇವೆ ಎಂದು ಬರುವ ನೆಂಟರೂ ಇದ್ದಾರೆ. ಆಗ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, ಅವಳ ಮನಸ್ಸು ಕೇಳಿ, ಅದನ್ನು ಸಮಿತಿಯ ಮುಂದೆ ಅವಳ ಮಾತಿನಲ್ಲೇ ಇಡಬೇಕು.

ಇನ್ನು ಕೆಲಸ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನೆಸ್ಲೆ ಕಾಫಿ ಕಾರ್ಖಾನೆ, ಔಷಧ ಕಾರ್ಖಾನೆಗಳಿವೆ, ಇಮ್ಮಾವಿನಲ್ಲಿ ಏಷ್ಯನ್ ಪೇಂಟ್ಸ್, ಮೈಸೂರಿನತ್ತ ಬಂದರೆ ಕಡಕೊಳದ ಬಳಿ ಟಿವಿಎಸ್. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆ. ಅಲ್ಲಿಯ ನೂಲು ಮೈಸೂರು ರೇಷ್ಮೆ ಸೀರೆಯಾಗುತ್ತದೆ. 1927ರಲ್ಲಿ ಗಾಂಧೀಜಿ ಬಂದುಹೋದ ಬದನವಾಳಿನ ಖಾದಿ ಕೇಂದ್ರವೂ ಇದೇ ನಂಜನಗೂಡು ತಾಲ್ಲೂಕಿನದು. ಇಷ್ಟಿದ್ದ ಮೇಲೆ ಕೆಲಸಕ್ಕೇನು ಬರ ಎನ್ನಬೇಡಿ. ಪಿಯುಸಿ ಮುಗಿಸಿ ನೇರ ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಗುತ್ತಿಗೆ ಕೆಲಸ. ಐಟಿಐ ಮಾಡಿದವರಿಗೆ ಅಪ್ರೆಂಟಿಸ್ ದಾರಿ ತೆರೆಯುತ್ತದೆ. ಈ ವ್ಯತ್ಯಾಸವನ್ನು 16ರಲ್ಲೇ ಹುಡುಗನಿಗೆ ಮನವರಿಕೆ ಮಾಡಿಸಿ ಎರಡು ವರ್ಷ ತರಬೇತಿಯಲ್ಲಿ ಹಿಡಿದಿಡುವುದು ಈ ಕಸುಬಿನ ಕಠಿಣ ಭಾಗ. ಕೈಯಲ್ಲಿ ಕಾಸಿಲ್ಲದವನಿಗೆ ನಾಳೆ ಸಿಗುವ ಸಂಬಳಕ್ಕಿಂತ ಎರಡು ವರ್ಷದ ನಂತರದ ಸಂಬಳ ದೊಡ್ಡದೆಂದು ಕಾಣುವುದು ಸುಲಭವಲ್ಲ. ತಿಂಗಳ 4000 ರೂಪಾಯಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಆ ಹಣ ಅವನಿಗೆ ಕಲಿಯಲು ಬಿಡುವು ಕೊಡುತ್ತದೆ. ಸ್ವಂತ ಉದ್ಯೋಗದ ಮನಸ್ಸಿರುವವರಿಗೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಈ ಸಂಸ್ಥೆಯ ಶಾಖೆ ಮೈಸೂರಿನಲ್ಲೂ ಇದೆ. ಊಟ ವಸತಿ ಸಹಿತ ಉಚಿತ ತರಬೇತಿ ಕೊಟ್ಟು, ಆಮೇಲೂ ಎರಡು ವರ್ಷ ವಿಚಾರಿಸುತ್ತಿರುವುದು ಅದರ ಪದ್ಧತಿ.

ಕೆಲಸ ಸಿಕ್ಕ ಮೇಲೆ ಕೋಣೆ. ಬಾಡಿಗೆಗೆ ಕೇಳಿದರೆ ಮನೆಯವರು ಮೊದಲು ಕೇಳುವುದು ಯಾವೂರು, ಯಾರ ಮಗ ಎಂದು. ಹುಡುಗ ತಡವರಿಸಿದರೆ ಕೋಣೆ ಖಾಲಿಯಿಲ್ಲ. ಒಳ್ಳೆಯ ಕಾರ್ಯಕರ್ತರು ಇದಕ್ಕೆ ಮೊದಲೇ ಅಭ್ಯಾಸ ಮಾಡಿಸುತ್ತಾರೆ. ಸುಳ್ಳು ಹೇಳಿಕೊಡುವುದಿಲ್ಲ, ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹುಡುಗನೇ ನಿರ್ಧರಿಸುವಂತೆ ಮಾಡುತ್ತಾರೆ. ಬಾಲಮಂದಿರದ ಹುಡುಗ ಎಂದು ತಾವಾಗಿ ಎಲ್ಲೂ ಪರಿಚಯಿಸುವುದಿಲ್ಲ. ಮೈಸೂರಿನಲ್ಲೇ ಉಳಿಯುವ ಹುಡುಗಿಯರಿಗೆ ಒಂದು ಅನುಕೂಲವಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಂಜನಗೂಡಿಗೋ ನರಸೀಪುರಕ್ಕೋ ದಿನವೂ ಹೋಗಿಬರುವ ಬಸ್ ಖರ್ಚು ಇಲ್ಲ.

ನಾನು ಅತಿ ಹೆಚ್ಚು ಮೆಚ್ಚುವ ಗಳಿಗೆ, ಕೆಲಸಕ್ಕೆ ಸೇರುವ ದಿನ ಅರ್ಜಿ ತುಂಬುವುದು. ಭವಿಷ್ಯನಿಧಿಯ ನಮೂನೆಯಲ್ಲಿ ನಾಮಿನಿ ಎಂಬ ಅಂಕಣವಿರುತ್ತದೆ. ಉಳಿದವರು ಯೋಚಿಸದೆ ತಾಯಿಯ ಹೆಸರು ಬರೆದು ಮುಂದೆ ಹೋಗುತ್ತಾರೆ. ಯಾರೂ ಇಲ್ಲದ ಹುಡುಗ ಅಲ್ಲೇ ಪೆನ್ನು ಹಿಡಿದು ಕೂತುಬಿಡುತ್ತಾನೆ. ಇದನ್ನು ಬಲ್ಲವರು ಹಿಂದಿನ ವಾರವೇ ಅವನ ಜತೆ ಮಾತಾಡಿರುತ್ತಾರೆ. ಕುಟುಂಬವಿಲ್ಲದವರು ತಾವು ಒಪ್ಪಿದ ಯಾರನ್ನಾದರೂ ಹೆಸರಿಸಬಹುದು, ಮುಂದೆ ಮದುವೆಯಾದರೆ ಹೊಸದಾಗಿ ಬರೆದುಕೊಡಬೇಕು ಎಂದು ವಿವರಿಸಿರುತ್ತಾರೆ. ಅವನು ಬಾಲಮಂದಿರದಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಗೆಳೆಯನ ಹೆಸರು ಬರೆಯಬಹುದು. ತುರ್ತು ಸಂಪರ್ಕದ ಸಾಲಿನಲ್ಲಿ ಕಾರ್ಯಕರ್ತರು ತಮ್ಮ ಫೋನ್ ನಂಬರು ಕೊಡುತ್ತಾರೆ, ಕೊಟ್ಟ ಮೇಲೆ ರಾತ್ರಿ ಪಾಳಿಯಲ್ಲಿ ಬಂದ ಕರೆಯನ್ನೂ ಎತ್ತುತ್ತಾರೆ.

ಇಲ್ಲಿಗೆ ಕಡತ ಮುಚ್ಚುವ ಕಚೇರಿಗಳೇ ಹೆಚ್ಚು. ಆದರೆ ಕಸುಬಿನ ಅರ್ಧ ಇನ್ನೂ ಬಾಕಿ. ಮೊದಲ ಸಂಬಳ ಬಂದಾಗ ಬಾಡಿಗೆ, ಊಟ, ಉಳಿತಾಯ ಎಂದು ಹಂಚುವುದನ್ನು ಪಕ್ಕದಲ್ಲಿ ಕೂತು ತೋರಿಸಬೇಕು. ಅದುವರೆಗೆ ಅವನ ಕೈಯಲ್ಲಿ ನೂರು ರೂಪಾಯಿಗಿಂತ ಹೆಚ್ಚು ಒಟ್ಟಿಗೆ ನಿಂತಿರುವುದು ಅಪರೂಪ. ಮೇಲ್ವಿಚಾರಕ ಒಂದು ದಿನ ಬೈದರೆ ಕೆಲಸ ಬಿಟ್ಟು ಬಂದುಬಿಡುವ ಅಪಾಯವಿದೆ. ಮನೆಯಲ್ಲಿ ಬೈಸಿಕೊಂಡು ಮತ್ತೆ ಊಟಕ್ಕೆ ಕೂತ ಅಭ್ಯಾಸ ಅವನಿಗಿಲ್ಲ. ಇನ್ನು ದೀಪಾವಳಿ, ಯುಗಾದಿಗೆ ಎಲ್ಲರೂ ಊರಿಗೆ ಹೊರಟು ಮೆಸ್ಸು ಮುಚ್ಚಿದಾಗ ಅವನೆಲ್ಲಿ ಹೋಗಬೇಕು? ಅದನ್ನು ಮೊದಲೇ ಯೋಚಿಸಿ, ಹಳೆಯ ಗೆಳೆಯರನ್ನು ಒಂದೆಡೆ ಸೇರಿಸಿ ಹೋಳಿಗೆ ಊಟ ಹಾಕಿಸುವವರನ್ನು ನಾನು ಈ ಕಸುಬಿನ ಉಸ್ತಾದರೆನ್ನುತ್ತೇನೆ. ಇಂಗ್ಲೆಂಡಿನಲ್ಲಿ 2000ದ ಕಾಯ್ದೆ ಹೀಗೆ ಹೊರಬರುವ ಯುವಜನರಿಗೆ ಒಬ್ಬ ಸಲಹೆಗಾರರನ್ನು ಕಡ್ಡಾಯ ಮಾಡಿತು, 2017ರಲ್ಲಿ ಅದನ್ನು 25 ವರ್ಷ ವಯಸ್ಸಿನವರೆಗೆ ವಿಸ್ತರಿಸಲಾಯಿತು. ನಮ್ಮಲ್ಲಿ ದೆಹಲಿಯ ಉದಯನ್ ಕೇರ್ ಸಂಸ್ಥೆ 2019ರಲ್ಲಿ ಅನುಪಾಲನೆಯ ಬಗ್ಗೆ ಪ್ರಕಟಿಸಿದ ಐದು ರಾಜ್ಯಗಳ ಅಧ್ಯಯನದಲ್ಲಿ ಕರ್ನಾಟಕವೂ ಇತ್ತು. ಮೈಸೂರಿನಲ್ಲಿ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ಒಡನಾಡಿ ಸೇವಾ ಸಂಸ್ಥೆ ನೊಂದ ಹೆಣ್ಣುಮಕ್ಕಳ ಪುನರ್ವಸತಿಯಲ್ಲಿ ದಶಕಗಳಿಂದ ತೊಡಗಿದೆ. ಹೀಗೆ ಕಸುಬು ಬಲ್ಲವರು ನಮ್ಮಲ್ಲಿದ್ದಾರೆ, ಆದರೆ ಸಾಲದು. ಒಬ್ಬರ ತಲೆಯ ಮೇಲೆ ಹತ್ತಾರು ಕಡತ ಹೊರಿಸಿ ಇಂಥ ಕೆಲಸವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕೊನೆಗೊಂದು ಕೋರಿಕೆ. ಬಾಲಮಂದಿರದಿಂದ ಹೊರಬಂದು ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ದುಡಿಯುತ್ತಿರುವ, ಇನ್ನೂ 21 ದಾಟದ ಹುಡುಗ ಹುಡುಗಿಯರು ನಿಮಗೆ ಗೊತ್ತಿದ್ದರೆ, ಅನುಪಾಲನೆ ಎಂಬುದೊಂದು ಇದೆ ಎಂದು ಅವರಿಗೆ ತಿಳಿಸಿ. ಮೈಸೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ಅರ್ಜಿ ಹಾಕಬಹುದು. ಸಾಧ್ಯವಾದರೆ ಮೊದಲ ಸಲ ನೀವೂ ಅವರ ಜತೆಗೆ ಹೋಗಿ.